ತಿಪ್ಪೆಯಿಂದ ಡೆಪೊವಿನವರೆಗೆ

ರಾಜ್ಯೋತ್ಸವದ ಸಂಚಿಕೆಗೆ ಕಸದ ಇತಿಹಾಸವನ್ನು ಬರೆಯಹೊರಟವನನ್ನು ಕಂಡು ವಾಚಕರು ಹುಬ್ಬೇರಿಸಿದರೆ ಆಶ್ಚರ್ಯವೇನೂ ಇಲ್ಲ. ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ಇವರ ಕೀರ್ತಿಯನ್ನು ನಾವು ಪ್ರತಿ ನವೆಂಬರಿನಲ್ಲಿಯೂ ಹಾಡುತ್ತ ಬಂದಿದ್ದೇವೆ, ಹಾಡತಕ್ಕದ್ದೇ. ಆದರೆ ಕನ್ನಡನಾಡಿನ ರಾಜಧಾನಿಯ ಹೆಸರನ್ನು ಹೊತ್ತ ಒಂದು ಪದ್ಧತಿಯನ್ನು ಭಾರತದ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಪಾಠವಾಗಿ ಓದುತ್ತಾರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ಅದರ ಹೆಸರು ‘ಬೆಂಗಳೂರು ಪದ್ಧತಿ’. ಊರಿನ ಕಸವನ್ನು ಗೊಬ್ಬರವಾಗಿ ಮಾಡಿ ಹೊಲಕ್ಕೆ ಸಾಗಿಸುವ ಉಪಾಯವದು.

ಖರಾಡಿಯಲ್ಲಿ ಕುಳಿತು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಮುಳಾ-ಮುಠಾ ನದಿಯ ಆಚೆ, ಹಡಪಸರವನ್ನು ದಾಟಿ ಸಾಸವಡದ ದಾರಿ ಹಿಡಿದರೆ ಉರುಳಿ ದೇವಾಚಿ, ಫುರಸುಂಗಿ ಎಂಬ ಎರಡು ಊರುಗಳು ಸಿಗುತ್ತವೆ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಕಿ ಪಂಢರಪುರಕ್ಕೆ ಹೋಗುವುದು ಅದೇ ದಾರಿಯಲ್ಲಿ. ನಮ್ಮ ದಾಸರೂ ಅವರ ಸಂತರೂ ಒಂದೇ ಬಾಯಿಂದ ಹಾಡಿದ ವಿಠ್ಠಲನ ದಾರಿಯೆಂದು ನಾವು ಅದನ್ನು ಬಲ್ಲೆವು. ಪುಣೆಯ ಜನಕ್ಕೆ ಮಾತ್ರ ಆ ಊರುಗಳ ಹೆಸರು ಹೇಳಿದೊಡನೆ ನೆನಪಾಗುವುದು ಕಚರಾ ಡೆಪೊ. ಅನ್ನ ಬೆಳೆಯುವ ಮಣ್ಣು ಡೆಪೊ ಆದದ್ದು ಹೇಗೆ, ಅದರಿಂದ ಮನುಷ್ಯನ ದೇಹಕ್ಕೆ ಏನು ಬಂದೊದಗುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ನಮ್ಮಲ್ಲಿ ಹೆಚ್ಚಿನವರು ವಿಜಾಪುರ, ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಹಳ್ಳಿಯ ಕಡೆಯಿಂದ ಬಂದವರು. ಹಿತ್ತಿಲಿನ ತಿಪ್ಪೆಯನ್ನು ಕಾಣದವರು ವಿರಳ. ಅದರಲ್ಲಿ ಏನಿರುತ್ತಿತ್ತು? ಸಗಣಿ, ಒಲೆಯ ಬೂದಿ, ದನ ತಿಂದುಳಿದ ಕಣಿಕೆ, ಕಾಯಿಪಲ್ಯದ ಸಿಪ್ಪೆ, ಅಂಗಳ ಗುಡಿಸಿದ ಮಣ್ಣು. ಒಡೆದ ಗಡಿಗೆಯ ಚೂರು ಬಿದ್ದರೂ ಅದು ಮಣ್ಣೇ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ದೀಪ ಇಡುವ ರೂಢಿ ಅನೇಕ ಊರುಗಳಲ್ಲಿತ್ತು, ಇನ್ನೂ ಇದೆ. ಬೇಸಗೆಯಲ್ಲಿ ಚಕ್ಕಡಿ ಹೂಡಿ ಅದನ್ನೆಲ್ಲ ಹೊಲಕ್ಕೆ ಹಾಕಿದರೆ ಮುಂಗಾರಿಗೆ ಮುಂಚೆ ತಿಪ್ಪೆಯ ಖಾತೆ ಚುಕ್ತಾ. ಬ್ಯಾಂಕಿನ ಗುಮಾಸ್ತನಾದ ನನಗೆ ಈ ಲೆಕ್ಕ ಬಹಳ ಹಿಡಿಸುತ್ತದೆ: ಭೂಮಿಯಿಂದ ಖರ್ಚು ತೆಗೆದದ್ದು ವರ್ಷ ತುಂಬುವುದರೊಳಗೆ ಭೂಮಿಗೇ ಜಮಾ ಆಗುತ್ತಿತ್ತು.

ಪಟ್ಟಣಗಳಲ್ಲಿ ಈ ಲೆಕ್ಕ ತಪ್ಪಿತು. ಜನ ಒತ್ತಾಗಿ ನೆಲಸಿದರು, ಹೊಲ ದೂರವಾಯಿತು, ಕಸ ಬೀದಿಯಲ್ಲಿಯೇ ಉಳಿಯಿತು. 1896ರ ಕೊನೆಗೆ ಪುಣೆಗೆ ಪ್ಲೇಗು ಬಂತು; 1898ರಲ್ಲಿ ಬೆಂಗಳೂರಿಗೆ ಬಂತು. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗವೇ ಹೊರತು ಕಸದಿಂದ ನೇರವಾಗಿ ಹುಟ್ಟುವುದಲ್ಲ. ಆದರೆ ಕಸವಿದ್ದಲ್ಲಿ ಇಲಿಯುಂಟು. ಎರಡು ಊರುಗಳಲ್ಲಿಯೂ ನಗರಸಭೆಗಳು ಕಲಿತ ಪಾಠ ಒಂದೇ: ಕಸವನ್ನು ಊರ ಹೊರಗೆ ಸಾಗಿಸಿರಿ. ಸಾಗಿಸಿದ ಮೇಲೆ ಏನು ಮಾಡಬೇಕೆಂಬುದಕ್ಕೂ ಆಗ ಒಂದಷ್ಟು ಉತ್ತರವಿತ್ತು. ಪುಣೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಲವನ್ನು ಬೂದಿಯೊಡನೆ ಬೆರೆಸಿ ಒಣಗಿಸಿದ ಗೊಬ್ಬರವನ್ನು ಸುತ್ತಲಿನ ಕಬ್ಬಿನ ಬೆಳೆಗಾರರು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು.

ಇದಕ್ಕೆ ಶಾಸ್ತ್ರದ ತಳಹದಿ ಹಾಕಿದ ಕೆಲಸ ನಡೆದದ್ದು ಇಂದೂರಿನಲ್ಲಿ ಮತ್ತು ಬೆಂಗಳೂರಿನಲ್ಲಿ. ಆಲ್ಬರ್ಟ್ ಹೊವರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ಯಶವಂತ ವಾಡ್ ಅವರ ಜೊತೆಗೂಡಿ, ಹೊಲದ ಕಸವನ್ನು ಆಗಾಗ ಮಗುಚಿಹಾಕಿ ಗಾಳಿ ತಗಲಿಸಿ ಕೊಳೆಸುವ ‘ಇಂದೂರು ಪದ್ಧತಿ’ಯನ್ನು ರೂಪಿಸಿದರು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ, ಟಾಟಾ ಮನೆತನದ ದಾನದಿಂದ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು. ಅಲ್ಲಿಗೆ 1916ರಲ್ಲಿ ಮ್ಯಾಂಚೆಸ್ಟರಿನಿಂದ ಗಿಲ್ಬರ್ಟ್ ಫೌಲರರು ಪ್ರಾಧ್ಯಾಪಕರಾಗಿ ಬಂದರು. ಕೊಳಚೆ ನೀರನ್ನು ಸೂಕ್ಷ್ಮಜೀವಿಗಳಿಂದ ಶುದ್ಧಮಾಡಿಸುವ ವಿದ್ಯೆಯಲ್ಲಿ ಅವರು ಆಗಲೇ ಹೆಸರಾದವರು. ಅದೇ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ಊರ ಕಸಕ್ಕೆ ಒಗ್ಗುವ ಪದ್ಧತಿಯನ್ನು ಸಿದ್ಧಪಡಿಸಿದರು.

ಇದರ ಸರಳತೆಯನ್ನು ಕೊಂಚ ವಿವರವಾಗಿಯೇ ನೋಡಬೇಕು. ಊರ ಎಲ್ಲೆಯಿಂದ ಕನಿಷ್ಠ 800 ಮೀಟರು ದೂರದಲ್ಲಿ ಗುಂಡಿ ತೋಡಬೇಕು. ಆಳ 90 ಸೆಂಟಿಮೀಟರು, ಅದಕ್ಕಿಂತ ಹೆಚ್ಚು ಬೇಡ. ಆಳ ಹೆಚ್ಚಿದರೆ ಕೊಳೆಯುವುದು ತಡವಾಗುತ್ತದೆ. ತಳಕ್ಕೆ 15 ಸೆಂಟಿಮೀಟರು ಕಸ, ಅದರ ಮೇಲೆ 5 ಸೆಂಟಿಮೀಟರು ಮಲ, ಮತ್ತೆ ಕಸ, ಮತ್ತೆ ಮಲ. ಹೀಗೆ ನೆಲಮಟ್ಟಕ್ಕಿಂತ 30 ಸೆಂಟಿಮೀಟರು ಮೇಲೇರುವವರೆಗೆ. ಕೊನೆಯ ಪದರ 25 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಕಸವೇ ಇರಬೇಕು. ಆಮೇಲೆ ತೋಡಿದ ಮಣ್ಣನ್ನೇ ಮುಚ್ಚಿಗೆಯಾಗಿ ಹಾಕಿದರೆ ಮನುಷ್ಯನ ಕೆಲಸ ಮುಗಿಯಿತು, ಮಗುಚುವ ಗೊಡವೆಯಿಲ್ಲ. ಒಂದು ವಾರದೊಳಗೆ ಒಳಗಿನ ಕಾವು 60 ಡಿಗ್ರಿ ದಾಟಿ ಎರಡು ಮೂರು ವಾರ ಹಾಗೆಯೇ ನಿಲ್ಲುತ್ತದೆ. ಆ ಕಾವಿಗೆ ರೋಗಾಣುಗಳೂ ಹುಳದ ಮೊಟ್ಟೆಗಳೂ ಸಾಯುತ್ತವೆ. ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ಯುದ್ಧಕಾಲದಲ್ಲಿ ‘ಹೆಚ್ಚು ಬೆಳೆಯಿರಿ’ ಚಳವಳಿ ಆರಂಭವಾದಾಗ ದೇಶದ ಅನೇಕ ಪೌರಸಭೆಗಳು ಪಟ್ಟಣದ ಗೊಬ್ಬರವನ್ನು ತಯಾರಿಸತೊಡಗಿದವು.

ಇಷ್ಟು ಹೇಳಿ, ಇದರ ಇನ್ನೊಂದು ಪುಟವನ್ನು ಮುಚ್ಚಿಡುವುದು ನ್ಯಾಯವಲ್ಲ. ಆ 5 ಸೆಂಟಿಮೀಟರು ಪದರವನ್ನು ಮನೆಮನೆಯಿಂದ ಎತ್ತಿ, ತಲೆಯ ಮೇಲೆ ಹೊತ್ತು ತಂದವರು ಯಾರು? ಯಾವ ಪಠ್ಯಪುಸ್ತಕವೂ ಅವರ ಹೆಸರನ್ನು ಬರೆಯಲಿಲ್ಲ. ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ ನಿಷೇಧಿಸಿದವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ. ನಾನು ಹೆಮ್ಮೆಪಡುವ ಕನ್ನಡದ ಸಾಧನೆಗಳಲ್ಲಿ ಬೆಂಗಳೂರು ಪದ್ಧತಿಗಿಂತ ಬಸವಲಿಂಗಪ್ಪನವರ ಆಜ್ಞೆಗೆ ಮೇಲಿನ ಸ್ಥಾನ.

ಹೀಗೆ ಗುಂಡಿಯ ಒಂದು ಪದರ, ಹೋಗಬೇಕಾದ ರೀತಿಯಲ್ಲಿ, ಹೋಯಿತು. ಉಳಿದದ್ದು ಕಸ. ಅದೇ ಹೊತ್ತಿಗೆ ಕಸದ ಜಾತಕವೂ ಬದಲಾಗುತ್ತಿತ್ತು. ಕಟ್ಟಿಗೆಯ ಒಲೆ ಹೋಗಿ ಗ್ಯಾಸು ಬಂದು ಬೂದಿ ಇಲ್ಲವಾಯಿತು. ಎಲೆಯ ಪೊಟ್ಟಣ, ಕಾಗದದ ಚೀಲಗಳ ಜಾಗದಲ್ಲಿ ಪ್ಲಾಸ್ಟಿಕ್ ಚೀಲ ಬಂತು. ಬ್ಯಾಟರಿಯ ಸೆಲ್ಲು, ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ತಿಗಣೆಯ ಔಷಧ, ಅವಧಿ ಮೀರಿದ ಗುಳಿಗೆ, ಮುರಿದ ರೇಡಿಯೊ, ಆಮೇಲೆ ಕೆಟ್ಟುಹೋದ ಮೊಬೈಲು ಇವೆಲ್ಲ ಬದನೆಕಾಯಿಯ ತೊಟ್ಟಿನ ಜೊತೆಗೆ ಒಂದೇ ಬುಟ್ಟಿಗೆ ಬಿದ್ದವು. 1970ರ ದಶಕದ ನಡುವಿನಲ್ಲಿ ಕೇಂದ್ರ ಸರಕಾರದ ನೆರವಿನಿಂದ ದೊಡ್ಡ ನಗರಗಳಲ್ಲಿ ಯಂತ್ರದಿಂದ ಗೊಬ್ಬರ ಮಾಡುವ ಕಾರಖಾನೆಗಳು ಎದ್ದವು. ಬೆಂಗಳೂರಿನ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರದ್ದು. ದೇಶದಲ್ಲಿ ಅಂಥ ಅನೇಕ ಕಾರಖಾನೆಗಳು ಹೆಚ್ಚು ಕಾಲ ಬಾಳಲಿಲ್ಲ. ಗಾಜಿನ ಚೂರು, ಪ್ಲಾಸ್ಟಿಕ್ ತುಣುಕು ತುಂಬಿದ ಗೊಬ್ಬರವನ್ನು ಬರಿಗಾಲಿನಲ್ಲಿ ಹೊಲ ತುಳಿಯುವ ರೈತ ಏಕೆ ಕೊಂಡಾನು? ಮಾರಾಟವಾಗದ ಗೊಬ್ಬರ ಮತ್ತೆ ಕಸವೇ ತಾನೆ.

ಪುಣೆಯ ಕಸ ಮೊದಲು ಹೋಗುತ್ತಿದ್ದುದು ಕೋಥರೂಡಿಗೆ. ಕೋಥರೂಡು ಆಗ ಊರ ಹೊರಗೆ. ಬರಬರುತ್ತ ಊರೊಳಗೆ ಬಂತು. ಅಲ್ಲಿ ಮನೆ ಕಟ್ಟಿದವರು ಸಹಜವಾಗಿಯೇ ಮೂಗು ಮುಚ್ಚಿಕೊಂಡು ತಕರಾರು ತೆಗೆದರು. 1990ರ ದಶಕದ ಆರಂಭದಲ್ಲಿ ಗಾಡಿಗಳ ಮುಖ ಉರುಳಿ ದೇವಾಚಿಯ ಕಡೆ ತಿರುಗಿತು. (ಕೋಥರೂಡಿನ ಆ ಹಳೆಯ ಡೆಪೊವಿನ ಜಾಗದಲ್ಲಿ ಈಗ ಮೆಟ್ರೋ ಗಾಡಿಗಳ ಡೆಪೊ ಇದೆ. ನಾವು ಖರಾಡಿಯವರು ರಾಮವಾಡಿಯಲ್ಲಿ ಹತ್ತುವ ಗಾಡಿ ರಾತ್ರಿ ಹೋಗಿ ಮಲಗುವುದು ನಮ್ಮ ಅಜ್ಜಂದಿರ ಕಾಲದ ಕಸದ ಮೇಲೆ!) ಉರುಳಿಯಲ್ಲಿ ಕ್ರಮೇಣ 163 ಎಕರೆ ನೆಲ ಇದಕ್ಕೆ ಮೀಸಲಾಯಿತು. ವರ್ಷಗಟ್ಟಲೆ ಅಲ್ಲಿ ನಡೆದದ್ದು ಬರಿಯ ಸುರಿಯುವಿಕೆ. ಗುಂಡಿಯಿಲ್ಲ, ಪದರವಿಲ್ಲ, ಮಣ್ಣಿನ ಮುಚ್ಚಿಗೆಯಿಲ್ಲ. ಒಂದು ಮೀಟರಿಗಿಂತ ಆಳ ಬೇಡವೆಂದ ಪದ್ಧತಿಯ ಮೊಮ್ಮಕ್ಕಳು ಕಸದ ಗುಡ್ಡಗಳನ್ನೇ ಕಟ್ಟಿದರು.

ಗುಡ್ಡದೊಳಗೆ ಏನಾಗುತ್ತದೆ? ಮಳೆಯ ನೀರು ಒಳಗಿಳಿಯುತ್ತದೆ. ಹಸಿ ಕಸದಲ್ಲಿಯೂ ಬೇಕಾದಷ್ಟು ನೀರಿರುತ್ತದೆ. ಗಾಳಿಯಿಲ್ಲದೆ ಕೊಳೆಯುವಾಗ ಮೊದಮೊದಲು ಹುಳಿ ಹುಟ್ಟುತ್ತದೆ. ಹುಣಿಸೆಯ ಹುಳಿ ತಾಮ್ರದ ಕೊಡವನ್ನು ಬೆಳಗುವಂತೆ ಈ ಹುಳಿಯು ಸೆಲ್ಲು, ಬಣ್ಣ, ತಂತಿಗಳಲ್ಲಿರುವ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಹೀಗೆ ಬಸಿದು ಬರುವ ಕಪ್ಪು ನೀರನ್ನು ಬಲ್ಲವರು ಲೀಚೇಟ್ ಎನ್ನುತ್ತಾರೆ. ನಾವು ಬಸಿನೀರೆಂದು ಕರೆಯೋಣ. ಅದರಲ್ಲಿ ಅಮೋನಿಯಾ, ಉಪ್ಪು, ಸೀಸ, ಕ್ಯಾಡ್ಮಿಯಂ, ಸತು, ಪಾದರಸದ ಅಂಶಗಳು ಬೆರೆತಿರುತ್ತವೆ. ತಳದಲ್ಲಿ ಜೇಡಿಮಣ್ಣೂ ದಪ್ಪ ಪ್ಲಾಸ್ಟಿಕ್ ಹಾಳೆಯೂ ಹಾಸಿದ್ದರೆ ಅದನ್ನು ತಡೆದು ಕೊಳವೆಯಿಂದ ಹೊರತೆಗೆಯಬಹುದು. ಹಾಸಿಲ್ಲದಿದ್ದರೆ ಅದು ಮಣ್ಣಿನ ಪಾಲು.

ನಮ್ಮ ಎರೆಮಣ್ಣಿನ ಸ್ವಭಾವ ನಿಮಗೆ ಗೊತ್ತೇ ಇದೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಪುಣೆಯ ಸುತ್ತಲೂ ಅದೇ ಕಪ್ಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಜೇಡಿ ಮತ್ತು ಸುಣ್ಣದ ಅಂಶ ಹೆಚ್ಚಿರುವುದರಿಂದ ಈ ಮಣ್ಣು ಲೋಹಗಳನ್ನು ಗಟ್ಟಿಯಾಗಿ ಹಿಡಿದಿಡುತ್ತದೆ; ಬ್ಯಾಂಕಿನ ಲಾಕರಿನ ಹಾಗೆ. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಬಾವಿಗೆ ಇಳಿಯುವುದು ನಿಧಾನವಾಗುತ್ತದೆ, ಆದರೆ ಮೇಲ್ಮಣ್ಣಿನಲ್ಲಿ ಕೂತ ಸೀಸ ತಲೆಮಾರುಗಟ್ಟಲೆ ಏಳುವುದಿಲ್ಲ. ಅದು ಕೊಳೆಯುವ ವಸ್ತುವಲ್ಲ, ಆವಿಯಾಗುವುದೂ ಇಲ್ಲ. ಕ್ಯಾಡ್ಮಿಯಂ ಮಾತ್ರ ಬಸಿನೀರಿನ ಉಪ್ಪಿನ ಸಂಗಡ ಸೇರಿ ಸುಲಭವಾಗಿ ಹರಿದಾಡುತ್ತದೆ. ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಟ್ಟು ನೀರಿನ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕರಿಕಲ್ಲು ನೋಡುವುದಕ್ಕೆ ಭದ್ರವೇ. ಆದರೆ ಅದರಲ್ಲಿ ಬಿರುಕುಗಳ ಜಾಲವೇ ಇದೆ. ಬಾವಿಗಳಿಗೆ ಸೆಲೆ ಬರುವುದೇ ಆ ಬಿರುಕುಗಳಿಂದ. ಸಿಹಿನೀರು ಬರುವ ದಾರಿಯಲ್ಲಿಯೇ ಬಸಿನೀರೂ ಬರುತ್ತದೆ. ಉರುಳಿ, ಫುರಸುಂಗಿಗಳಲ್ಲಿ ಬಾವಿಯ ನೀರು ಕುಡಿಯಲು ಬಾರದಂತಾಗಿ ಟ್ಯಾಂಕರಿನ ದಾರಿ ಕಾಯುವ ಸ್ಥಿತಿ ಬಂದದ್ದು ಹೀಗೆ.

ಈಗ ದೇಹದ ವಿಚಾರ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಮಗುವಿನ ಮೈ ಹೀರಿಕೊಳ್ಳುತ್ತದೆಯೆಂದೂ, ಇಷ್ಟರವರೆಗೆ ಅಪಾಯವಿಲ್ಲವೆಂಬ ಮಿತಿಯೇ ಅದಕ್ಕೆ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಣ್ಣಿನಲ್ಲಿ ಆಡಿದ ಕೈಯನ್ನು ಬಾಯಿಗಿಡುವುದು ಮಗುವಿನ ಧರ್ಮ; ಸೀಸಕ್ಕೆ ಅಷ್ಟು ದಾರಿ ಸಾಕು. ಕ್ಯಾಡ್ಮಿಯಂ ಸೇರುವುದು ಹೆಚ್ಚಾಗಿ ಊಟದಿಂದ. ಪಾಲಕದಂಥ ಸೊಪ್ಪುಗಳು ಅದನ್ನು ಬೇರಿನಿಂದ ಎಲೆಗೆ ಎಳೆದುಕೊಳ್ಳುತ್ತವೆ. ಮೂತ್ರಪಿಂಡದಲ್ಲಿ ಕೂತ ಕ್ಯಾಡ್ಮಿಯಂ ಅರ್ಧ ಕರಗುವುದಕ್ಕೆ ಹತ್ತರಿಂದ ಮೂವತ್ತು ವರ್ಷ ಬೇಕು. ನಮ್ಮ ಕಸುಬಿನ ಮಾತಿನಲ್ಲಿ ಇದು ದೀರ್ಘಾವಧಿಯ ಠೇವಣಿ, ಹಿಂದೆ ಪಡೆಯುವಂತಿಲ್ಲ. ಜಪಾನಿನ ತೋಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಝೂ ನದಿಯ ಮೂಲಕ ಗದ್ದೆಗೆ ಬಂದು, ಅಕ್ಕಿ ಉಂಡ ಹೆಂಗಸರ ಎಲುಬುಗಳು ಮುರಿದು ನರಳಿದ ರೋಗಕ್ಕೆ ಅಲ್ಲಿನ ಸರಕಾರ 1968ರಲ್ಲಿ ಕಾರಣವನ್ನು ಒಪ್ಪಿಕೊಂಡಿತು. ಅದು ಗಣಿಯ ಕಥೆ, ಮನೆಯ ಕಸದ್ದಲ್ಲ, ಪ್ರಮಾಣದಲ್ಲಿ ಅಜಗಜಾಂತರವುಂಟು. ಮಣ್ಣಿನಿಂದ ತಟ್ಟೆಗೆ ಲೋಹ ಬರುವ ದಾರಿ ಮಾತ್ರ ಅದೇ.

ನೈಟ್ರೇಟಿಗೆ ನಮ್ಮ ದೇಶದ ಕುಡಿಯುವ ನೀರಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಮೀರಿದ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದ ಎಳೆಗೂಸಿನ ರಕ್ತ ಪ್ರಾಣವಾಯುವನ್ನು ಒಯ್ಯಲಾರದೆ ಮೈ ನೀಲಿಗಟ್ಟಬಹುದು. ಕುದಿಸಿದರೆ ನೀರು ಶುದ್ಧವಾಗುತ್ತದೆಂಬ ನಮ್ಮ ತಾಯಂದಿರ ನಂಬಿಕೆ ರೋಗಾಣುಗಳ ಮಟ್ಟಿಗೆ ಸರಿ. ನೈಟ್ರೇಟ್ ಕುದಿಸಿದಷ್ಟೂ ಸಾಂದ್ರವಾಗುತ್ತದೆ. ಇನ್ನು ಕಸಕ್ಕೆ ಬೆಂಕಿ ಬಿದ್ದಾಗ ಪಿ.ವಿ.ಸಿ. ಮೊದಲಾದ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟಿ ಹುಲ್ಲಿನ ಮೇಲೂ ಮಣ್ಣಿನ ಮೇಲೂ ಕೂರುತ್ತದೆ. ಮೇಯುವ ಎಮ್ಮೆಯ ಹಾಲಿನ ಕೊಬ್ಬಿಗೆ ಸೇರುತ್ತದೆ.

ಹೆದರಿಸುವುದಕ್ಕಾಗಿ ಹೆಚ್ಚು ಹೇಳುವುದೂ ಸಲ್ಲದು. ಕಸದ ನೆಲಗಳ ಬಳಿ ವಾಸಿಸುವವರ ಬಗ್ಗೆ ಬ್ರಿಟನ್ನಿನಲ್ಲಿ 2001ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 9,565 ಜಾಗಗಳ ಲೆಕ್ಕ ಹಿಡಿದು ನೋಡಿದರು. ಎರಡು ಕಿಲೋಮೀಟರಿನೊಳಗಿನ ಮನೆಗಳಲ್ಲಿ ಕಡಿಮೆ ತೂಕದ ಶಿಶುಗಳು ಹುಟ್ಟುವ ಸಂಭವ ಶೇಕಡ 5ರಷ್ಟು ಹೆಚ್ಚು ಕಂಡಿತು. ಕಸವೇ ಅದಕ್ಕೆ ಕಾರಣವೆಂದು ಬರೆದವರೇ ಖಚಿತವಾಗಿ ಹೇಳಲಿಲ್ಲ. ಆದರೆ ನಲ್ಲಿಯ ನೀರು ಕುಡಿದು, ಅಂಗಡಿಯ ತರಕಾರಿ ಉಣ್ಣುವ ಆ ಜನವೆಲ್ಲಿ, ಡೆಪೊವಿನ ಪಕ್ಕದ ಬಾವಿಯಿಂದ ಸೊಪ್ಪಿನ ಮಡಿಗೆ ನೀರು ಹಾಯಿಸುವ ನಮ್ಮ ಒಕ್ಕಲಿಗನೆಲ್ಲಿ?

ಕನ್ನಡನಾಡಿಗೇನೂ ಇದರಿಂದ ವಿನಾಯಿತಿಯಿಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರವನ್ನು 2012ರಲ್ಲಿ ಮುಚ್ಚಬೇಕಾಗಿ ಬಂದು, ರಾಜಧಾನಿಯ ಬೀದಿಗಳಲ್ಲಿ ಕಸ ರಾಶಿಬಿತ್ತು. ಮಂಡೂರಿನ ಜನ ದಾರಿಗೆ ಅಡ್ಡ ನಿಂತ ಮೇಲೆ 2014ರ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ಮಂಗಳೂರಿನದು ಇನ್ನೂ ಘೋರ. 2019ರ ಆಗಸ್ಟಿನ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ, ಕೆಳಗಿನ ಮಂದಾರದ ತೆಂಗು ಅಡಿಕೆಯ ತೋಟಗಳನ್ನೂ ಮನೆಗಳನ್ನೂ ಮುಚ್ಚಿಬಿಟ್ಟಿತು. ಬೆಂಗಳೂರು ಪದ್ಧತಿ ಹುಟ್ಟಿದ ನಾಡಿನಲ್ಲಿಯೇ ಅಡಿಕೆಯ ತೋಟ ಕಸದಲ್ಲಿ ಹೂತುಹೋಯಿತು!

ಕಾನೂನಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬೆಂಗಳೂರಿನ ಆಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ 2000ದಲ್ಲಿ ದೇಶದ ಮೊದಲ ನಗರ ಕಸದ ನಿಯಮಗಳು ಬಂದವು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲಿಯೇ ಬೇರ್ಪಡಿಸಲು ವಿಧಿಸಿದವು. ಪುಣೆಯಲ್ಲಿ ಚಿಂದಿ ಆಯುವ ಹೆಂಗಸರು 1993ರಲ್ಲಿ ಸಂಘ ಕಟ್ಟಿದ್ದರು. ಅದರಿಂದ ಮುಂದೆ ‘ಸ್ವಚ್ಛ’ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ನಮ್ಮ ಬಾಗಿಲಿಗೆ ಬಂದು ಬಕೀಟು ಒಯ್ಯುವ ಅಂಥ ಮಾವಶಿಯವರು ಒಣ ಕಸವನ್ನು ಆಯ್ದು ಮಾರಿ, ಡೆಪೊವಿಗೆ ಹೋಗುವ ಭಾರವನ್ನು ಇಳಿಸಿದ್ದಾರೆ. ನಾವು ಬೆರೆಸಿಕೊಟ್ಟರೆ ಬೆರಳಿನಿಂದ ಬೇರ್ಪಡಿಸುವವರೂ ಅವರೇ, ಒಡೆದ ಗಾಜು ತಗಲುವುದೂ ಅವರ ಕೈಗೇ.

ಉರುಳಿ, ಫುರಸುಂಗಿಗಳ ಜನ ಸುಮ್ಮನೆ ಕೂರಲಿಲ್ಲ. ಎಷ್ಟೋ ಸಲ ಗಾಡಿ ತಡೆದರು, ಎಷ್ಟೋ ಸಲ ಆಶ್ವಾಸನ ಪಡೆದು ಬಿಟ್ಟರು. 2017ರ ಏಪ್ರಿಲಿನಲ್ಲಿ ಡೆಪೊವಿಗೆ ಬೆಂಕಿ ಬಿದ್ದು ಹೊಗೆ ಕವಿದಾಗ ಮೂರು ವಾರ ಒಂದು ಗಾಡಿಯನ್ನೂ ಒಳಬಿಡಲಿಲ್ಲ. ಪುಣೆ ನಗರಕ್ಕೆ ಆ ಊರುಗಳ ಹೆಸರು ಚೆನ್ನಾಗಿ ಬಾಯಿಪಾಠವಾದದ್ದು ಆಗಲೇ. ಅದೇ ವರ್ಷದ ಅಕ್ಟೋಬರಿನಲ್ಲಿ ಅವನ್ನು ನಗರಕ್ಕೆ ಸೇರಿಸಿದರು. ಆಮೇಲೆ ಮತ್ತೆ ಬೇರ್ಪಡಿಸಿ ಪ್ರತ್ಯೇಕ ನಗರಪರಿಷತ್ತು ಮಾಡಿದರು. ಎಲ್ಲೆಯ ಗೆರೆ ಅತ್ತಿತ್ತ ಓಡಾಡಿತು, ಗುಡ್ಡ ಮಾತ್ರ ಅಲ್ಲಿಯೇ. ನಮ್ಮ ಖರಾಡಿ 1997ರಲ್ಲಿ ನಗರಕ್ಕೆ ಸೇರುವ ಮೊದಲು ಉರುಳಿಯಂಥದೇ ಹವೇಲಿ ತಾಲೂಕಿನ ಹಳ್ಳಿ. ಡೆಪೊವಿಗೆ ಜಾಗ ಹುಡುಕಿದವರ ಬೆರಳು ನಕಾಶೆಯ ಮೇಲೆ ನದಿಯ ಈಚೆಗೆ ಇಳಿದಿದ್ದರೆ ಇಂದು ಇಲ್ಲಿ ಕಚೇರಿಗಳ ಗಾಜಿನ ಗೋಪುರಗಳೂ ಇರುತ್ತಿರಲಿಲ್ಲ, ನಮ್ಮ ಸಂಘವೂ ಇರುತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಉರುಳಿಯ ಹಳೆಯ ಕಸವನ್ನು ಅಗೆದು, ತಿರುಗುವ ದೊಡ್ಡ ಜರಡಿಗಳಲ್ಲಿ ಜಾಲಿಸಿ ಬೇರ್ಪಡಿಸುವ ಕೆಲಸ ನಡೆಯುತ್ತ ಬಂದಿದೆ. ಇದಕ್ಕೆ ಬಯೋಮೈನಿಂಗ್ ಎನ್ನುತ್ತಾರೆ. ಉರಿಯುವ ಪ್ಲಾಸ್ಟಿಕ್ ಸಿಮೆಂಟಿನ ಭಟ್ಟಿಗಳಿಗೆ, ಕಲ್ಲು ಇಟ್ಟಂಗಿ ಭರ್ತಿಗೆ. ಜರಡಿಯ ಕೆಳಗೆ ಉಳಿಯುವುದು ಮಾತ್ರ ಮಣ್ಣಿನಂಥ ಸಣ್ಣ ಪುಡಿ, ಕಪ್ಪಗೆ, ನೋಡುವುದಕ್ಕೆ ತಿಪ್ಪೆಯ ಗೊಬ್ಬರದ ಹಾಗೆಯೇ. ದಶಕಗಳ ಸೀಸ, ಕ್ಯಾಡ್ಮಿಯಂಗಳು ಹೆಚ್ಚಾಗಿ ಉಳಿಯುವುದು ಈ ಪುಡಿಯಲ್ಲಿಯೇ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ನಗರದ ಕಸದ ಗೊಬ್ಬರದಲ್ಲಿ ಕಿಲೋಗ್ರಾಮಿಗೆ ಸೀಸ 100 ಮಿಲಿಗ್ರಾಮಿಗೂ, ಕ್ಯಾಡ್ಮಿಯಂ 5 ಮಿಲಿಗ್ರಾಮಿಗೂ, ಪಾದರಸ 0.15 ಮಿಲಿಗ್ರಾಮಿಗೂ ಮೀರಕೂಡದು. ಹಳೆಯ ಕಸದ ಯಾವ ಪುಡಿಯನ್ನೇ ಆಗಲಿ ಪರೀಕ್ಷೆಯಿಲ್ಲದೆ ತರಕಾರಿಯ ಮಡಿಗೆ ಹಾಕುವಂತಿಲ್ಲ.

ನಮ್ಮ ಹೆಣ್ಣುಮಕ್ಕಳು ಗ್ಯಾಲರಿಯ ಕುಂಡಗಳಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯುತ್ತಾರೆ. ಸೊಸೈಟಿಯ ತೋಟಕ್ಕೆ ಲಾರಿಗಟ್ಟಲೆ ಮಣ್ಣು, ಗೊಬ್ಬರ ಬರುತ್ತದೆ. ಚೀಲದ ಮೇಲೆ ‘ನಗರ ಗೊಬ್ಬರ’ವೆಂದಿದ್ದರೆ ಪರೀಕ್ಷೆಯ ವರದಿಯನ್ನು ಕೇಳಿರಿ. ಸಡಿಲು ಮಣ್ಣಾದರೆ ಎಲ್ಲಿಂದ ಅಗೆದು ತಂದದ್ದೆಂದು ಲಾರಿಯವನನ್ನು ಕೇಳಿರಿ. ಅಗೆದ ಪುಡಿಯನ್ನು ಎಷ್ಟು ಟನ್, ಯಾವ ಊರಿಗೆ ಸಾಗಿಸಿದರೆಂಬ ಲೆಕ್ಕವನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯ ಕೆಳಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಹಾನಗರಪಾಲಿಕೆಯಿಂದ ಪಡೆಯಬಹುದು. ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಡುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನರಿದ್ದಾರೆ.